ಓಡಿಲಾನ್ ತಟ್ಟಿದ ಕುಂಡ

ಆ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ, ಗಾಳಿ ಬರುತ್ತಿದೆ. ಸಾಕು... ಇದು ನಮ್ಮ ದೊಡ್ಡಪ್ಪನ ಮಗಳು ಝುಲ್ಮಾಗೆ ಆದದ್ದು. ನಮ್ಮೂರಿನಲ್ಲಿ ಯಾರ ಕೋಳಿ ಮೊಟ್ಟೆ ಇಡದಿದ್ದರೂ ಅದರ ಹಿಂದೆ ಫಿರ್ಮಿನ್ ಇದ್ದಾನೆ ಅನ್ನುತ್ತಾರೆ. ಫಿರ್ಮಿನ್ ಅಂದರೆ ನಾನೇ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಆ ವಾರ ನನ್ನ ಎಡಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿತ್ತು. ಚರ್ಚಿನ ಮುಂದಿನ ಸಂತರ ಪ್ರತಿಮೆಯ ತಲೆಗೆ ಸೈಕಲ್ ಹೆಲ್ಮೆಟ್ ತೊಡಿಸಲು ಹೋಗಿ ಬಿದ್ದಿದ್ದೆ. ಬೇಕಾದರೆ ಡಾಕ್ಟರನ್ನು ಕೇಳಿ.

ಎರಡು ವರ್ಷದ ಹಿಂದಿನ ಫೆಬ್ರವರಿ, ಬುಧವಾರ. ರಾತ್ರಿ ಹನ್ನೊಂದು. ಗೆಂಟ್ ಪಟ್ಟಣದ ಹೊರಗೆ, ಕಾಲುವೆಯ ದಂಡೆಗೆ, ಓಡಿಲಾನ್ ಯಜಮಾನರ ಗಾಜಿನ ಮನೆ. ಅಲ್ಲಿ ಕೆಲಸಕ್ಕಿದ್ದ ಝುಲ್ಮಾ ಗಿಡಗಳನ್ನು ಬೆಚ್ಚಗಿಡುವ ಬಾಯ್ಲರ್ ನೋಡಿ, ಬೀಗ ಹಾಕಿ ಮನೆ ಕಡೆ ಹೊರಟಿದ್ದಳು. ಹುಲ್ಲೆಲ್ಲ ಹೆಪ್ಪುಗಟ್ಟಿ ಕಾಲಿಟ್ಟಲ್ಲಿ ಕರಕ್, ಕರಕ್. ಮಳೆನೀರಿನ ಬಾವಿ ದಾಟಬೇಕು. ಅದರ ಕಬ್ಬಿಣದ ಮುಚ್ಚಳ ತುಳಿದರೆ ಧಡಾರ್ ಎನ್ನುತ್ತದೆ, ಅದಕ್ಕೇ ಅವಳು ಯಾವಾಗಲೂ ಬಳಸಿಕೊಂಡು ಹೋಗುತ್ತಾಳೆ. ಬಳಸಿದಳು...

ಟಣ್.

ನಿಂತಳು.

ಟಣ್... ಟಣ್... ಡಬ್.

ಬೀಗ ಹಾಕಿದ ಗಾಜಿನ ಮನೆಯ ಒಳಗಿನಿಂದ.

ಹತ್ತೊಂಬತ್ತು ವರ್ಷ ದಿನವೂ ಕೇಳಿದ ಸದ್ದು ಅದು. ಓಡಿಲಾನರ ಹತ್ತಿರ ಒಂದು ಕೋಲಿತ್ತು, ತುದಿಗೆ ಮರದ ಹಳೇ ದಾರದ ರೀಲು ಸಿಕ್ಕಿಸಿದ್ದು. ಸಂಜೆಯಾದರೆ ಸಾಲಿನುದ್ದಕ್ಕೂ ಮಣ್ಣಿನ ಕುಂಡಗಳನ್ನು ಅದರಿಂದ ತಟ್ಟುತ್ತ ಬರುವರು. ಒಳಗಿನ ಮಣ್ಣು ಒಣಗಿದ್ದರೆ ಟಣ್. ಒದ್ದೆಯಿದ್ದರೆ ಡಬ್. ಟಣ್ ಎಂದ ಕುಂಡದ ಮುಂದೆ ನಿಲ್ಲುವರು, ಝುಲ್ಮಾ ನೀರು ಹಾಕುವಳು. ಬಾವಿಯ ನೀರನ್ನು ಹಿಂದಿನ ರಾತ್ರಿಯೇ ಒಳಗೆ ತಂದಿಟ್ಟು, ಬೆಚ್ಚಗಾದ ಮೇಲೇ ಹಾಕಬೇಕು, ತಣ್ಣೀರಿಗೆ ಬೇರು ಬೆಚ್ಚುತ್ತದೆ. ಇಷ್ಟೇ ಅವರಿಬ್ಬರ ನಡುವಿನ ಮಾತುಕತೆ. ಓಡಿಲಾನ್ ಮದುವೆಯಾಗಿರಲಿಲ್ಲ. ಝುಲ್ಮಾ ಆಗಿದ್ದಳು, ಆರು ತಿಂಗಳು, ಆಮೇಲೆ ಗಂಡ ಒಂದು ಹಡಗು ಹತ್ತಿ ಹೋದವನು ಇನ್ನೂ ಇಳಿದಿಲ್ಲ. ದಿನಕ್ಕೆ ನಲವತ್ತು ಸಲ ಟಣ್ ಅನ್ನುವ ಒಬ್ಬ ಮನುಷ್ಯ ಜೊತೆಗಿದ್ದರೆ ಮನೆ ಖಾಲಿ ಅನ್ನಿಸುವುದಿಲ್ಲವಂತೆ. ಅವಳೇ ಹೇಳಿದ್ದು.

ಆದರೆ ಓಡಿಲಾನ್ ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು. ಆ ಕೋಲನ್ನು ಶವಪೆಟ್ಟಿಗೆಯಲ್ಲಿ, ಅವರ ಒಳ್ಳೇ ಕೋಟಿನ ತೋಳಿನೊಳಗೆ, ಝುಲ್ಮಾ ತನ್ನ ಕೈಯಾರೆ ಸೇರಿಸಿದ್ದಳು.

"ಲೋ ಫಿರ್ಮಿನ್..." ಮೆಲ್ಲಗೆ ಕರೆದಳು. "ಹೊರಗೆ ಬಾರೋ. ನಗು ಬರ್ತಿಲ್ಲ ನಂಗೆ."

ದೂರದ ಮೂಲೆಯಲ್ಲಿ ಮತ್ತೆ... ಟಣ್.

ಓಡಿದಳು. ಮುಚ್ಚಳದ ಮೇಲೇ ಓಡಿದಳು, ಧಡಾರ್ ಸದ್ದು ನನ್ನ ಕೋಣೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಕಿಟಕಿಯ ಗಾಜಿನ ಮೇಲೆ ಉಗುರು.

"ಒಳಗಿದ್ದೀಯೇನೋ?"

"ಇಲ್ಲಕ್ಕ, ಊರಾಚೆ ಇದ್ದೀನಿ. ಏನಾಗ್ಬೇಕಿತ್ತು?"

"ಕಾಲು ತೋರ್ಸು."

"ಇಷ್ಟೊತ್ತಲ್ಲಿ ಗಂಡಸಿನ ಕಾಲು ನೋಡೋಕೆ ಬಂದಿದ್ದೀಯಲ್ಲ, ಪಾದ್ರಿಗಳಿಗೆ ಹೇಳ್ಲಾ?"

ಕಿಟಕಿಯಿಂದ ಕೈ ಚಾಚಿ ನನ್ನ ಪ್ಲಾಸ್ಟರಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದಳು. ಡಬ್.

"ನಿಜವಾಗ್ಲೂ ಮುರಿದಿದ್ಯಲ್ಲೋ..." ಎಂದಳು. ದನಿಯಲ್ಲಿ ಸಂಕಟ. ನನ್ನ ಕಾಲಿಗಲ್ಲ. ಆ ಸದ್ದು ಮಾಡಿದವ ನಾನಾಗಿದ್ದರೆ ಚೆನ್ನಾಗಿತ್ತು ಅನ್ನುವ ಸಂಕಟ.

ಅವಳಿಗೆ ಆ ವಾರ ದೆವ್ವಕ್ಕೆ ಪುರುಸೊತ್ತೂ ಇರಲಿಲ್ಲ ಅನ್ನಿ. ಓಡಿಲಾನ್ ಬೆಳೆಸುತ್ತಿದ್ದದ್ದು ಸೈಕಾಡ್. ನೋಡಲು ಈಚಲ ಮರದ ಹಾಗೆ, ವಯಸ್ಸು ನೂರು ದಾಟಿದರೂ ಎತ್ತರ ಸೊಂಟದಷ್ಟೇ. ಇದರಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ಅವರ ಹಿರೇ ಹೆಣ್ಣುಗಿಡ ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ ತೆನೆ ಬಿಟ್ಟಿತ್ತು, ದೊಡ್ಡ ಅನಾನಸಿನ ಗಾತ್ರದ್ದು. ಆ ಸೋಮವಾರ ತೆನೆಯ ಎಸಳುಗಳ ನಡುವೆ ಬಿರುಕು ಬಿಟ್ಟಿತು. ಬಿರುಕು ನಾಲ್ಕೈದು ದಿನ ತೆರೆದಿರುತ್ತದೆ, ಅಷ್ಟರಲ್ಲಿ ಗಂಡಿನ ಪರಾಗ ಊದಬೇಕು. ತಪ್ಪಿದರೆ ಇನ್ನೆಷ್ಟು ವರ್ಷವೋ. ಈ ಗಿಡಗಳ ತವರಿನ ಬೆಟ್ಟದಲ್ಲೇ ಈಗ ಇವು ಬೆರಳೆಣಿಕೆ.

ಅವಳಿಗೆ ತಿಳಿದಂತೆ ಗಾಜಿನ ಮನೆಯಲ್ಲಿ ಗಂಡುಗಿಡ ಇರಲಿಲ್ಲ. ಝುಲ್ಮಾ ಪರಾಗ ಕೇಳಿ ಪೋರ್ಚುಗಲ್‌ನ ಒಂದು ತೋಟಕ್ಕೆ ಫೋನ್ ಮಾಡಿದಳು, ಇಲ್ಲವೆಂದರು. ಜರ್ಮನಿಯ ಒಬ್ಬ ಮುದುಕನಿಗೆ ಮಾಡಿದಳು.

"ಅಯ್ಯೋ ತಾಯಿ, ನಂಗ್ಯಾಕೆ ಕೇಳ್ತೀರಿ?" ಎಂದ ಆತ. "ಓಡಿಲಾನೇ ನಂಗೆ ಪರಾಗ ಕಳಿಸ್ತಿದ್ದ. ಫ್ರಿಜ್ಜಲ್ಲಿ ನೋಡಿ, ಸಾಸಿವೆ ಬಾಟ್ಲಿಲಿ ಇಡ್ತಿದ್ದ. ಕಳ್ಳರ ಭಯ ಅವನಿಗೆ."

ಝುಲ್ಮಾ ಫೋನ್ ಕೆಳಗಿಟ್ಟಳು. ಆ ಬಾಟಲಿ... ಯಜಮಾನರನ್ನು ಮಣ್ಣು ಮಾಡಿ ಬಂದವರಿಗೆ ಕಾಫಿ ಕೊಟ್ಟ ಮರುದಿನ ಅವಳೇ ತೊಳೆದಿದ್ದಳು. ತಳದಲ್ಲಿ ಒಣಗಿದ ಹಳದಿ ಪುಡಿ ಇತ್ತು, ಹಳೇ ಸಾಸಿವೆ ಅಂದುಕೊಂಡು ಬಿಸಿನೀರಲ್ಲಿ ಉಜ್ಜಿದ್ದಳು. ಈಗ ಅದರಲ್ಲಿ ಅವಳ ಸೌತೆಕಾಯಿ ಉಪ್ಪಿನಕಾಯಿ ಇದೆ. ತೊಳೆದದ್ದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಮುಖ ನೋಡದ ಜರ್ಮನಿಯವನಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ನಿಂತು ನೀರು ಹಾಕಿದವಳಿಗೆ ಹೇಳಿರಲಿಲ್ಲ.

ಗುರುವಾರ ಸಂಜೆ ಓಡಿಲಾನರ ಅಣ್ಣನ ಮಗ ರೊಂಬೌಟ್ ಬಂದ, ಕೈಯಲ್ಲಿ ಸೀಮೆಸುಣ್ಣ. ಆಸ್ತಿಯೆಲ್ಲ ಅವನಿಗೆ ಬಂದಿತ್ತು. ಪಟ್ಟಣದ ಸಸ್ಯತೋಟದವರು ಒಯ್ಯುವ ಗಿಡಕ್ಕೆ ಸೊನ್ನೆ, ಬಿಸಾಡುವುದಕ್ಕೆ ಅಡ್ಡಗೀಟು.

"ಝುಲ್ಮಾ ಅವರೇ, ಬೇಜಾರು ಮಾಡ್ಕೋಬೇಡಿ. ಮಾರ್ಚ್ ಕೊನೆಗೆ ಬಾಯ್ಲರ್ ಆರಿಸ್ತೀನಿ."

"ತೆನೆ ಬಿಟ್ಟಿದೆಯಲ್ಲಪ್ಪ..."

"ಬೀಜ ಕಟ್ಟಿದ್ರೆ ಬೇರೆ ಮಾತು. ಬಸುರೀನ ಮನೆ ಬಿಡಿಸ್ದ ಅನ್ನೋ ಹೆಸರು ನಂಗೆ ಬೇಡ. ಬೀಜ ಮೊಳೆತು ಸಸಿ ಆಗೋ ತನಕ ಬಾಯ್ಲರ್ ಉರೀಲಿ, ನೀವೂ ಇರಿ. ಇಲ್ದಿದ್ರೆ..." ಸುತ್ತ ನೋಡಿದ. ಹಿಂದಿನ ಸಾಲಿನ ಕೊನೆಯಲ್ಲಿ, ಬೆಂಚಿನ ಕೆಳಗೆ, ಗೋಣಿ ಹೊದಿಸಿದ ಒಂದು ಕುಂಡವನ್ನು ಬೂಟಿನಿಂದ ಮುಟ್ಟಿದ. "ಇದೇನು?"

"ಬೊಡ್ಡೆ. ಎಲೆ ಉದುರಿ ಮೂರು ವರ್ಷ ಆಯ್ತು. ಸತ್ತಿದೆ, ಮುಟ್ಬೇಡ ಅಂತಿದ್ರು ಯಜಮಾನ್ರು."

"ಸತ್ತಿದ್ರೆ ಮುಟ್ಬೇಡ ಯಾಕೆ?" ಎಂದು ನಕ್ಕು ಅಡ್ಡಗೀಟು ಎಳೆದ. ಹೋಗುವಾಗ ಮೂಗು ಮುಚ್ಚಿಕೊಂಡ. "ಏನ್ರೀ ಇದು, ಕೊಳೆತ ಹಣ್ಣಿನ ವಾಸನೆ?"

"ಬಾಯ್ಲರ್‌ದು," ಎಂದಳು ಝುಲ್ಮಾ. ಒಂದು ವಾರದಿಂದ ಸಂಜೆ ಹೊತ್ತು ಆ ವಾಸನೆ ಬರುತ್ತಿತ್ತು. ಬಾಯ್ಲರನ್ನೇ ಬಯ್ಯುತ್ತಿದ್ದಳು.

ಆ ರಾತ್ರಿ ಅವಳು ಮನೆಗೆ ಹೋಗಲಿಲ್ಲ. ಹೋಗಿ ಮಾಡುವುದೂ ಏನಿರಲಿಲ್ಲ. ದೀಪ ಆರಿಸಿ, ಹೆಣ್ಣುಗಿಡದ ಪಕ್ಕ ಬಕೆಟ್ ಬೋರಲು ಹಾಕಿ ಕೂತಳು. ಎಸಳಿನ ಬಿರುಕುಗಳು ಆಗಲೇ ಸಣ್ಣಗಾಗುತ್ತಿದ್ದವು. ಬಿಸಿನೀರಿನ ಕೊಳವೆಗಳು ಟಿಕ್, ಟಿಕ್ ಎನ್ನುತ್ತಿದ್ದವು. ಹೊರಗೆ ಕಾಲುವೆಯ ಮಂಜುಗಡ್ಡೆ ಒಮ್ಮೊಮ್ಮೆ ಉದ್ದಕ್ಕೆ ಸೀಳುವ ಸದ್ದು.

ಹನ್ನೊಂದಾಯಿತು.

ಟಣ್.

ಬಾಗಿಲ ಬಳಿಯ ಮೊದಲ ಕುಂಡ.

ಡಬ್... ಡಬ್... ಟಣ್... ಡಬ್...

ಹತ್ತಿರ ಬಂತು. ಹೆಜ್ಜೆ ಸಪ್ಪಳ ಇಲ್ಲ. ಉಸಿರಿನ ಸಪ್ಪಳ ಇಲ್ಲ, ಓಡಿಲಾನರಿಗಿದ್ದ ಗೊರಗೊರ ದಮ್ಮೂ ಇಲ್ಲ. ಬರೀ ರೀಲು. ಅವಳ ಮೊಣಕಾಲಿನ ಪಕ್ಕದ ಕುಂಡಕ್ಕೆ ಡಬ್ ಎಂದಿತು. ಅವಳನ್ನು ದಾಟಿತು. ಹಿಂದಿನ ಸಾಲಿಗೆ ತಿರುಗಿತು.

"ಯಜಮಾನ್ರೇ..." ಎಂದಳು. "ಬಾಟ್ಲಿ ತೊಳೆದುಬಿಟ್ಟೆ. ನಂಗೆ ಗೊತ್ತಿರ್ಲಿಲ್ಲ. ನೀವು ಹೇಳ್ಲಿಲ್ಲ..."

ಸದ್ದು ನಿಂತಿತು.

ಆಮೇಲೆ ಕೊನೆಯ ಮೂಲೆಯಲ್ಲಿ...

ಟಣ್.

ಟಣ್. ಟಣ್. ಅದೇ ಕುಂಡ. ಒಂದೇ ಸಮನೆ. ಝುಲ್ಮಾ ಕೇಳಿಸಿಕೊಳ್ಳದಿದ್ದಾಗ ಓಡಿಲಾನ್ ಹೀಗೇ ತಟ್ಟುತ್ತಿದ್ದರು, ಸ್ವಲ್ಪ ಸಿಟ್ಟಿನಲ್ಲಿ.

"ಬಂದೆ, ಬಂದೆ," ಎಂದಳು. ಬಾಯಿಗೆ ರೂಢಿ. ಯಾರಿಗೆ ಹೇಳಿದೆ ಅಂತ ಹೊಳೆದದ್ದು ಆಮೇಲೆ.

ಕತ್ತಲಲ್ಲಿ ಬೆಂಚು ಹಿಡಿದುಕೊಂಡು ಹೋದಳು. ಗೋಣಿ ಹೊದಿಸಿದ ಕುಂಡ. ಗೆಣ್ಣಿನಿಂದ ತಾನೇ ಒಂದು ಸಲ ತಟ್ಟಿದಳು. ಟಣ್. ಸತ್ತದ್ದೆಂದು ಅಕ್ಟೋಬರಿನಿಂದ ಒಂದು ತೊಟ್ಟು ನೀರು ಹಾಕಿರಲಿಲ್ಲ. ಗೋಣಿ ಎತ್ತಿದಳು. ಕೊಳೆತ ಹಣ್ಣಿನ ವಾಸನೆ ಮುಖಕ್ಕೆ ಹೊಡೆಯಿತು. ಕೈ ಚಾಚಿದಳು... ಬೊಡ್ಡೆಯ ನೆತ್ತಿಯಲ್ಲಿ ಏನೋ ಉದ್ದಕ್ಕೆ ನಿಂತಿದೆ. ಮುಟ್ಟಿದಳು. ಬಿಸಿ! ಒಲೆಯಿಂದ ಆಗ ತೆಗೆದ ಬ್ರೆಡ್ಡಿನ ಹಾಗೆ ಬೆಚ್ಚಗೆ.

ದೀಪ ಹಾಕಿದಳು. ತೋಳು ಪೂರ್ತಿ ಹಳದಿ.

ಗಂಡುತೆನೆ. ಪರಾಗ ಸುರಿಯುವ ವಾರ ಅದು ಸಂಜೆಯಾದ ಮೇಲೆ ತಾನಾಗಿ ಬಿಸಿಯೇರುತ್ತದೆ, ವಾಸನೆ ಬಿಡುತ್ತದೆ. ಎಲೆಯಿಲ್ಲದೆ, ನೀರಿಲ್ಲದೆ, ಮೂಲೆಯಲ್ಲಿ ಒಂಟಿಯಾಗಿ ಆ ಬೊಡ್ಡೆ ಅಷ್ಟನ್ನೂ ಕೂಡಿಟ್ಟುಕೊಂಡು ಕೂತಿತ್ತು. ಕಳ್ಳರ ಕಣ್ಣು ತಪ್ಪಿಸಲು ಓಡಿಲಾನ್ ಸತ್ತಿದೆ ಎಂದು ಊರಿಗೆಲ್ಲ ಹೇಳಿದ್ದರು. ಅವಳಿಗೂ.

ಮಕ್ಕಳ ಕಿವಿ ತೊಳೆಯುವ ರಬ್ಬರ್ ಬುರುಡೆಯೊಂದು ಕಪಾಟಿನಲ್ಲಿತ್ತು. ಅದರಲ್ಲಿ ಪುಡಿ ತುಂಬಿ, ಹೆಣ್ಣುತೆನೆಯ ಒಂದೊಂದು ಬಿರುಕಿಗೂ ಊದಿದಳು. ಪುಸ್... ಪುಸ್... ಬೆಳಗಿನ ನಾಲ್ಕರವರೆಗೆ. ಊದುತ್ತ ಅತ್ತಳಂತೆ. ಬೈದಳಂತೆ ಕೂಡ. "ಹತ್ತೊಂಬತ್ತು ವರ್ಷ, ಒಂದು ಮಾತು ಹೇಳೋಕೆ ನಾಲಿಗೆ ಬರ್ಲಿಲ್ವಲ್ಲ ನಿಮಗೆ." ಮುಗಿಸಿ ಬೊಡ್ಡೆಗೆ ನೀರು ಹಾಕಲು ತಿರುಗಿದರೆ, ಅದರ ಪಕ್ಕದಲ್ಲಿ ತುಂಬಿದ ಕ್ಯಾನು. ನೀರು ಬೆಚ್ಚಗಿತ್ತು. ಹಿಂದಿನ ರಾತ್ರಿಯಾಗಲಿ ಅವತ್ತಾಗಲಿ ಅವಳು ಬಾವಿಯಿಂದ ನೀರು ತಂದೇ ಇರಲಿಲ್ಲ.

ಬೀಜ ಕಟ್ಟಿತು. ಮೂವತ್ತೊಂದು ಸಸಿ. ರೊಂಬೌಟ್ ಮಾತಿಗೆ ತಪ್ಪಲಿಲ್ಲ, ಬಾಯ್ಲರ್ ಇವತ್ತಿಗೂ ಉರಿಯುತ್ತಿದೆ. ಸಸ್ಯತೋಟದವರು ಬಂದು ಹತ್ತು ಸಸಿ ಒಯ್ದರು, ಝುಲ್ಮಾಳ ಕೈ ಕುಲುಕಿದರು.

ಆದರೆ ಆ ಸದ್ದು ಮತ್ತೆ ಬರಲಿಲ್ಲ. ಒಂದು ರಾತ್ರಿಯೂ. ಅವಳು ಕಾದಳು. ಮೊದಲ ಚಳಿಗಾಲ ಪೂರ್ತಿ ಬಕೆಟ್ಟಿನ ಮೇಲೆ ಕೂತು ಕಾದಳು. ಕೊನೆಗೊಂದು ಉಪಾಯ ಮಾಡಿದಳು, ಗಿಡದವರು ಯಾರೂ ಮಾಡದ ಕೆಲಸ. ಭಾನುವಾರ ಭಾನುವಾರ ಹಿಂದಿನ ಸಾಲಿನಲ್ಲಿ ಒಂದು ಕುಂಡಕ್ಕೆ ಬೇಕೆಂದೇ ನೀರು ಹಾಕದೆ ಬಿಡುತ್ತಾಳೆ. ಟಣ್ ಅನ್ನುವಷ್ಟು ಒಣಗಲಿ, ತಟ್ಟಲಾದರೂ ಬರಲಿ ಅಂತ. ಬೀಗ ಹಾಕಿ, ಬಾವಿಯ ಹತ್ತಿರ ನಿಂತು ಕಿವಿಗೊಡುತ್ತಾಳೆ. ಏನೂ ಕೇಳಿಸುವುದಿಲ್ಲ.

ನಗಬೇಡಿ. ಬೀಗದ ಕೈ ಒಂದೇ ಇರುವುದು, ಅದು ಅವಳ ಕೊರಳಿನ ದಾರದಲ್ಲಿದೆ. ನನ್ನ ಕಾಲು ನೆಟ್ಟಗಾಗಿದೆ, ನಿಜ, ಆದರೆ ಗಾಜಿನ ಮನೆಯೊಳಗೆ ನಾನು ಒಂಟಿಯಾಗಿ ಕಾಲಿಟ್ಟವನಲ್ಲ, ಇಡುವವನೂ ಅಲ್ಲ. ಹೋದ ಸೋಮವಾರ ಬೆಳಿಗ್ಗೆ ಅವಳ ಜೊತೆ ಹೋಗಿ, ನೀರು ಹಾಕದೆ ಬಿಟ್ಟ ಆ ಕುಂಡಕ್ಕೆ ನಾನೇ ಬೆರಳು ಹಾಕಿ ನೋಡಿದೆ.

ಮಣ್ಣು ಒದ್ದೆಯಾಗಿತ್ತು. ಬೆಚ್ಚಗಿತ್ತು.