ಬಗ್ಗದ ಸುಂದರಿ

ಮರುದಿನದ ಭಾಷಣಕ್ಕೆಂದು ಹೊಲಿಯಲು ಕೊಟ್ಟ ಉಡುಪಿಗಾಗಿ ಟೀಚರಮ್ಮ ಅಂಗಡಿಯ ಸ್ಟೂಲಿನ ಮೇಲೆ ಕಾದು ಕೂತಿದ್ದರು. ಬೇಡವೆಂದರೂ ಪರದೆಯಾಚೆಯ ಮಾತು ಕಿವಿಗೆ ಬೀಳುತ್ತಿತ್ತು. ಅಂಗಡಿ ನಡೆಸುವ ಅಕ್ಕತಂಗಿಯರು ನಿನ್ನೆಯ ಸುಂದರಿ ಸ್ಪರ್ಧೆಯನ್ನು ಫೋನಿನಲ್ಲಿ ಮತ್ತೆ ಹಾಕಿಕೊಂಡಿದ್ದರು.

“ನೋಡೇ, ‘ನಿಮ್ಮ ಕನಸೇನು’ ಅಂದ್ರೆ ‘ಶಾಂತಿ’ ಅಂತ ಒಂದೇ ಮಾತು. ಬಾಯಿ ಬಿಟ್ರೆ ಮುತ್ತು ಉದುರಿಬಿಡುತ್ತೆ ಪಾಪ!”

“ಕಾಮೆಂಟಲ್ಲಿ ಎಲ್ರೂ ಉಗೀತಿದಾರಕ್ಕ. ಮಾತು ಬರಲ್ಲ, ಸೊಕ್ಕಿಗೇನೂ ಕಮ್ಮಿಯಿಲ್ಲ ಅಂತ.”

“ಮತ್ತಿನ್ನೇನು? ಅಷ್ಟು ಪುಟ್ಟ ಮಗು ಹೂ ಕೊಡೋಕೆ ಬಂದ್ರೆ ಮಹಾರಾಣಿ ಕಂಬದ ಹಾಗೆ ನಿಂತವ್ಳೆ. ಒಂಚೂರು ಬಗ್ಗಿದ್ರೆ ಗಂಟೇನು ಹೋಗ್ತಿತ್ತು?”

“ಗೌನು ಹೋಗ್ತಿತ್ತು.”

“ಶ್! ಮೆಲ್ಲಗೆ.”

“ಜಿಪ್ ಹತ್ತಲ್ಲ ಅಂತ ಬೆನ್ನಿಗೆ ದಾರ ಹಾಕಿ ಹೊಲಿದೋಳು ನೀನೇ ತಾನೆ? ‘ಬಗ್ಗಬೇಡಮ್ಮ, ಜೋರಾಗಿ ಉಸಿರು ಎಳ್ಕೋಬೇಡ, ಮಾತು ಕಮ್ಮಿ ಮಾಡು’ ಅಂದೋಳೂ ನೀನೇ.”

“ಅಳತೆ ತಗೊಂಡೋಳು ನೀನು!”

“ಕತ್ತರಿ ಹಿಡಿದೋಳು ನೀನು!”

ಫೋನಿನೊಳಗೆ ಚಪ್ಪಾಳೆ ಬಿತ್ತು. ಅಕ್ಕ ದನಿ ತಗ್ಗಿಸಿದಳು.

“ಗೌನಿನ ಬಗ್ಗೆ ಯಾರಾದ್ರೂ ಏನಾದ್ರೂ ಅಂದಿದಾರಾ?”

“ಅದೊಂದೇ ಚೆನ್ನಾಗಿತ್ತು ಅಂತಿದಾರೆ.”

“ಹಾಗಾದ್ರೆ ನೀನೂ ಬರೆದುಹಾಕು, ಹುಡುಗಿಗೆ ಭಾರಿ ಸೊಕ್ಕು ಅಂತ.”

ಪರದೆ ಸರಿಯಿತು. ಅಕ್ಕ ನಗುನಗುತ್ತಾ ಬಂದು, ಇಸ್ತ್ರಿಯ ಬಿಸಿ ಇನ್ನೂ ಆರದ ಉಡುಪನ್ನು ಟೀಚರಮ್ಮನ ಕೈಗಿಟ್ಟಳು.

“ಹಾಕ್ಕೊಂಡು ನೋಡಿ ಟೀಚರ್. ನಾಳೆ ಭಾಷಣ ತುಂಬಾ ಉದ್ದ ಏನಿಲ್ಲ ತಾನೆ?”

ಉತ್ತರಕ್ಕೂ ಕಾಯದೆ ಒಳಗೆ ಹೋದಳು.