ಆರು ಇಂಚು ಕಾಂಕ್ರೀಟು, ಹನ್ನೊಂದು ಕೋಳಿ

ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು?... ಯಾರೂ? ಸ್ವಲ್ಪ ಗಟ್ಟಿಯಾಗಿ ಹೇಳಪ್ಪ, ಇಲ್ಲಿ ಕೋಳಿ ಗಲಾಟೆ... ನಂಬರ್ ಹೊಸದು ಕಾಣ್ತದೆ. ಬ್ಯಾಂಕಿನೋರಾದ್ರೆ ಈಗ್ಲೇ ಹೇಳ್ಬಿಡು...

ಹೊಸ ನಂಬರಿನಿಂದ ಫೋನು ಬಂದರೆ ಓಬಳಮ್ಮ ಮೊದಲು ಅನುಮಾನಪಟ್ಟು ಆಮೇಲೆ ಮಾತಾಡುವವಳು. ಓಟಿಪಿ ಕೇಳಿದ ಒಬ್ಬನಿಗೆ ಹಿಂದೊಮ್ಮೆ ಅರ್ಧ ಗಂಟೆ ಬುದ್ಧಿ ಹೇಳಿದ್ದಳು. ಕೊನೆಗೆ ಅವನೇ ಫೋನು ಇಟ್ಟು ಬಚಾವಾಗಿದ್ದ. ಈಗ ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ, ತನ್ನ ಮನೆಯ ಹಿತ್ತಲಲ್ಲಿ ಸೆರಗು ಸಿಕ್ಕಿಸಿಕೊಂಡು, ರೇಷ್ಮೆ ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಮಚ್ಚಿನಿಂದ ತುಂಡು ಮಾಡುತ್ತಿದ್ದಳು. ಫೋನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಕೊಂಡಿತ್ತು.

ಓ, ಮೋಹನ್‌ಬಾಬು! ಆಫೀಸಿನ ಫೋನಾ ಇದು?... ಅದಕ್ಕೇ ಗೊತ್ತಾಗ್ಲಿಲ್ಲ ಕಣಪ್ಪ. ಚೆನ್ನಾಗಿದೀಯಾ? ಪದ್ಮಶ್ರೀ ಹೆಂಗವ್ಳೆ?... ತಿಂಡಿ ಆಯ್ತಾ?... ನಿಮ್ಮಣ್ಣ ಇಲ್ಲ. ರೇಷ್ಮೆಗೂಡು ಹಾಕ್ಕೊಂಡು ಬೆಳಗ್ಗೇನೇ ಮಾರ್ಕೆಟ್‌ಗೆ ಹೋದ್ರು... ಗೊತ್ತಾ? ಗೊತ್ತಿದ್ದೂ ಇಲ್ಲಿಗೆ ಫೋನ್ ಮಾಡಿದ್ಯಾ?...

ಮೋಹನ್‌ಬಾಬು ಅವಳ ಮೈದುನ. ಚಿಕ್ಕಬಳ್ಳಾಪುರದಲ್ಲಿ ಕೆಲಸ, ಹೆಂಡತಿ ಪದ್ಮಶ್ರೀ ಜೊತೆ ಅಲ್ಲೇ ಸಂಸಾರ. ಊರಿನ ಮನೆಯ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಕಸಬರಿಕೆ ಎಲ್ಲಿಟ್ಟಿದೆ ಅನ್ನುವುದೊಂದನ್ನು ಬಿಟ್ಟು.

ಯಾರು ಬರ್ತಾರೆ?... ಮೇಸ್ತ್ರಿನಾ? ಯಾವ ಮೇಸ್ತ್ರಿ, ನಮ್ಮ ಕೊಂಡಪ್ಪಣ್ಣನಾ? ಯಾಕೆ?... ಏನು? ನನ್ನ ಕೋಳಿ ಓಡಾಡೋ ಜಾಗಕ್ಕೆ ಸಿಮೆಂಟಾ?... ಇರು ಇರು. ಹಾಕ್ಸು ಅಂತ ನಿನ್ನ ಕೇಳಿದ್ದು ಯಾರು?...

ಅಲ್ಲಪ್ಪ, ಮನೆಯೋರ ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ದೆ, ನಿಜ. ಮಳೆ ಬಿದ್ರೆ ಕೆಸರಾಗ್ತದೆ, ಕೋಳಿ ಕಾಲ ಕೆಳಗೆ ಏನು ಹಾಸಿದ್ರೆ ಒಳ್ಳೇದು ಅಂತ. ಎಲ್ಲಾರೂ ಏನೋ ಒಂದೊಂದು ಹೇಳಿದ್ರು. ನೀನು ಆ ಹೆಬ್ಬೆಟ್ಟಿನ ಚಿತ್ರ ಹಾಕಿ ಸುಮ್ಮನಾದೆ. ಹೆಬ್ಬೆಟ್ಟು ಅಂದ್ರೆ ಮೇಸ್ತ್ರೀನ ಕಳಿಸ್ತೀನಿ ಅಂತನಾ ಅರ್ಥ?...

ಬೇಡ. ಬೇಡ ಅಂದ್ರೆ ಬೇಡ ಕಣೋ... ಯಾಕೆ ಅಂದ್ರೆ? ಕೇಳು ಹೇಳ್ತೀನಿ. ಸಿಮೆಂಟು ಬೇಸಿಗೇಲಿ ಕಾದ ಹೆಂಚಾಗ್ತದೆ. ಗಟ್ಟಿ ನೆಲದ ಮೇಲೆ ಹಾರಿ ಹಾರಿ ಕೋಳಿ ಪಾದದಲ್ಲಿ ಗಂಟು ಬರ್ತದೆ, ಕುಂಟ್ತಾವೆ. ಕೋಳಿ ಅಂದ್ರೆ ಕೆದಕಬೇಕು, ಮಣ್ಣಲ್ಲಿ ಹೊರಳಾಡಬೇಕು. ರೇಷ್ಮೆ ಹುಳಾನ ಕೊಲ್ಲೋ ಊಜಿ ನೊಣದ ಮರಿಹುಳ ಮಣ್ಣಿಗೆ ಇಳಿದಿರ್ತವಲ್ಲ, ಅದನ್ನೆಲ್ಲ ಕೆದಕಿ ತಿಂತಾವೆ. ನೀನು ಸಿಮೆಂಟ್ ಹಾಕಿದ್ರೆ ಏನನ್ನ ಕೆದಕ್ತಾವೆ, ನಿನ್ನ ತಲೇನಾ?...

ನಗಬೇಡ. ನಾನು ತಮಾಷೆ ಮಾಡ್ತಿಲ್ಲ...

ಆ ಕಡೆಯಿಂದ ಒಂದು ಮಾತು ಬಂತು. ಓಬಳಮ್ಮನ ಕೈಲಿದ್ದ ಮಚ್ಚು ನಿಂತಿತು. ಬೇರೆ ಯಾರಾದರೂ ಆ ಮಾತು ಎತ್ತಿದ್ದರೆ ಅಲ್ಲೇ ಝಾಡಿಸುತ್ತಿದ್ದಳು. ಆದರೆ ಮಾತು ಸುಳ್ಳಾಗಿರಲಿಲ್ಲ.

ಹೂಂ. ಸತ್ತವು... ಆರು ಮರಿ... ಹೌದಪ್ಪ, ನನ್ನ ಕೈಯಿಂದಲೇ ಸತ್ತವು. ಯಾರ ಮೇಲೂ ಹಾಕಲ್ಲ...

ಹುಳ ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಹುಳದ ಹಾಸಿಗೆ ಒಣಗಿರಲಿ ಎಂದು ಮೇಲೆ ಸುಣ್ಣದ ಪುಡಿ ಎರಚುತ್ತಾರೆ. ಹೋದ ವರ್ಷ ಓಬಳಮ್ಮ ಆ ಹಾಸಿಗೆಯ ಕಸವನ್ನೇ ಬುಟ್ಟಿ ತುಂಬಾ ತಂದು, ಒಣಗಿದೆ, ಮೆತ್ತಗಿದೆ ಎಂದು ಕೋಳಿಮರಿಗಳ ಕೆಳಗೆ ಹರಡಿದ್ದಳು. ಅವತ್ತು ಸಂಜೆ ಸಣ್ಣ ಮಳೆ ಬಂದು ಕಸದಲ್ಲಿದ್ದ ಸುಣ್ಣ ನೆನೆಯಿತು. ಬೆಳಗ್ಗೆ ನೋಡಿದರೆ ಮರಿಗಳ ಕಾಲು ಸುಟ್ಟು ಕೆಂಪಾಗಿದ್ದವು, ಕಣ್ಣು ಮುಚ್ಚಿಹೋಗಿದ್ದವು. ಹುಳ ಸಾಕುವ ಮನೆಯವಳಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಒಂದೊಂದನ್ನೇ ಅಂಗೈಲಿಟ್ಟುಕೊಂಡು ನೀರು ಕುಡಿಸಿದ್ದಳು, ಉಳಿಯಲಿಲ್ಲ.

ಅದಕ್ಕೇ ಕಣಪ್ಪ ಈ ಸಲ ಹತ್ತು ಕಡೆ ವಿಚಾರಿಸಿದ್ದು. ಒಂದ್ಸಲ ತಪ್ಪು ಮಾಡಿದೋಳಿಗೆ ನೆಲದ ಮೇಲೆ ಏನೂ ಹಾಕೋ ಹಕ್ಕಿಲ್ವಾ?... ಚಿಂತಾಮಣಿಯಿಂದ ಕಡ್ಲೆಕಾಯಿ ಸಿಪ್ಪೆ ತರಿಸ್ದೆ, ನೆನೆದ್ರೆ ಬೂಸಲು ಹಿಡಿಯುತ್ತೆ, ಅದನ್ನ ಬಿಟ್ಟೆ. ಸಾಮಿಲ್ಲಿನ ಮರದ ಪುಡಿ ನುಣ್ಣಗಿತ್ತು, ಕೋಳಿ ಎಲ್ಲಾ ಸೀನೋಕೆ ಶುರು ಮಾಡಿದ್ವು. ರಾಗಿಹುಲ್ಲು ಹಾಕಣ ಅಂದ್ರೆ ಹಸು ನನ್ನ ಮುಖಾನೇ ನೋಡ್ತದೆ...

ಹಾಂ, ಈಗ ಏನು ಹಾಕಿದೀನಿ ಅಂದ್ರೆ, ತಳಕ್ಕೆ ಕೆರೆ ಕಡೆಯಿಂದ ತಂದ ಮರಳುಮಣ್ಣು. ನೀರು ನಿಲ್ಲಬಾರದು ಅಂತ ಬೇಲಿ ಕಡೆಗೆ ಸ್ವಲ್ಪ ಇಳಿಜಾರು. ಅದರ ಮೇಲೆ ಕಡ್ಡಿ, ಬೆರಳುದ್ದ ಕಡಿದಿರೋದು, ಬಿಸಿಲಲ್ಲಿ ಒಣಗಿಸಿರೋದು... ಇಲ್ಲ ಇಲ್ಲ, ಸುಣ್ಣ ಸೋಕಿದ್ದು ಒಂದು ಕಡ್ಡೀನೂ ಇಲ್ಲ, ನಾನೇ ಕೂತು ಆರಿಸಿದೀನಿ. ಮಲಗೋ ಗೂಡಿಗೆ ಭತ್ತದ ಹೊಟ್ಟು. ಹೊರಳಾಡೋಕೆ ಮೂಲೇಲಿ ಒಲೆ ಬೂದಿ. ಮೊನ್ನೆ ಅಷ್ಟು ಮಳೆ ಬಂತಲ್ಲ, ಒಂದು ಹನಿ ನಿಂತಿಲ್ಲ ಮೋಹನ್‌ಬಾಬು. ಮೂಗು ಹಿಡ್ಕೊಳ್ಳೋ ಹಂಗೆ ಏನೂ ಇಲ್ಲ, ನೀನೇ ಬಂದು ನೋಡು...

ಆಗಲೇ ಗೇಟಿನ ಹತ್ತಿರ ಟ್ರ್ಯಾಕ್ಟರಿನ ಸದ್ದಾಯಿತು. ಕೊಂಡಪ್ಪ ಮೇಸ್ತ್ರಿ ಇಬ್ಬರು ಆಳುಗಳ ಜೊತೆ ಇಳಿದು, ಓಬಳಮ್ಮನ ಕೈಲಿ ಮಚ್ಚು ನೋಡಿ ಅಲ್ಲೇ ನಿಂತ.

ಬಂದ್ಬಿಟ್ರಲ್ಲೋ! ನಾನು ಇಲ್ಲಿ ಬೇಡ ಬೇಡ ಅಂತಿದ್ರೆ... ಕೊಂಡಪ್ಪಣ್ಣ, ಇಳಿಸಬೇಡಣ್ಣ, ಅಲ್ಲೇ ಇರ್ಲಿ. ವದ್ದಣ್ಣಾ, ವದ್ದು, ಬೇಡ!...

ಕೋಪ ಬಂದರೆ ಅವಳಿಗೆ ತವರೂರು ನಗರಗೆರೆಯ ತೆಲುಗು ತಾನಾಗಿ ಬಾಯಿಗೆ ಬರುತ್ತದೆ. ಗೇಟಿನ ತನಕ ನಡೆದು ಹೋಗಿ ಟ್ರ್ಯಾಕ್ಟರಿನ ಟ್ರೈಲರಿನೊಳಗೆ ಇಣುಕಿದಳು. ಜಲ್ಲಿ, ಮರಳು, ಸಿಮೆಂಟಿನ ಮೂಟೆಗಳು. ಮೂಟೆಗಳ ಪಕ್ಕದಲ್ಲಿ ಉದ್ದಕ್ಕೂ ಮಲಗಿದ್ದ ಕಬ್ಬಿಣದ ಕಂಬಿಗಳು.

ಮೋಹನ್‌ಬಾಬು... ಒಂದು ಮಾತು ಕೇಳ್ತೀನಿ. ಕೋಳಿಗೆ ಕಂಬಿ ಯಾಕೋ?...

ಅಲ್ಲ, ಕಂಬಿ ಯಾಕೆ ಅಂತ. ಎಷ್ಟು ದಪ್ಪ ಹಾಕ್ತಿದೀಯ?... ಕೊಂಡಪ್ಪಣ್ಣ, ಎಷ್ಟು ಇಂಚು ಹೇಳವ್ರೆ ನಿಂಗೆ?... ಆರಾ? ಆರು ಇಂಚಾ?... ಕೇಳಿಸ್ತಾ ಮೋಹನ್‌ಬಾಬು, ಆರು ಇಂಚಂತೆ. ನನ್ನ ಹುಂಜ ಎರಡು ಕೆಜಿ ಇಲ್ಲ ಕಣೋ. ಅದು ಓಡಾಡೋಕೆ ಆರು ಇಂಚು ಕಾಂಕ್ರೀಟು, ಕಂಬಿ ಕಟ್ಟಿ?...

ಹೇಳು... ಬಾಯಿ ಬಿಟ್ಟು ಹೇಳು...

ಓಹೋ... ಹಾಂ... ಶೆಡ್ಡಾ... ಗೂಡಿಂದ ನೂಲು ತೆಗೆಯೋ ರೀಲಿಂಗ್ ಮಿಷನ್ನಾ... ರಮೇಶ್‌ಬಾಬು ಅಂದ್ರೆ ಯಾರು?... ಬಾಡಿಗೆಗೆ ಕೇಳವ್ನಾ. ನೀನು ಕೊಡ್ತೀನಿ ಅಂದಿದೀಯಾ... ಮತ್ತೆ ಕೋಳಿಗೆ ಅಂತ ಯಾಕೋ ಸುಳ್ಳು ಹೇಳಿದೆ? ಅತ್ತಿಗೆ ಬೆಪ್ಪಿ, ಕೋಳಿ ಹೆಸರು ಹೇಳಿದ್ರೆ ಸಾಕು, ಕಾಫಿ ಕೊಟ್ಟು ಸಿಮೆಂಟ್ ಹಾಕಿಸ್ಕೊತಾಳೆ ಅಂತನಾ?...

ಮನೆಗೆ ಒಳ್ಳೇದೇ ಇರಬಹುದು, ನಾನು ಇಲ್ಲ ಅಂದ್ನಾ? ರಸ್ತೆ ಕಡೆ ಅಷ್ಟು ಜಾಗ ಬಿದ್ದಿದೆಯಲ್ಲ, ಅಲ್ಲಿ ಹಾಕಿಸು... ಅಲ್ಲಿ ನಿನ್ನ ಕಾರು ನಿಲ್ಲಬೇಕು. ವರ್ಷಕ್ಕೆ ಎರಡು ಸಲ ಬರೋ ಕಾರಿಗೆ ಜಾಗ ಇದೆ. ದಿನಾ ಇಲ್ಲಿರೋ ಕೋಳಿಗಿಲ್ಲ. ಚೆನ್ನಾಗಿದೆ ಕಣಪ್ಪ ನಿನ್ನ ನ್ಯಾಯ...

ಕೋಳೀನ ಮಾರ್ಬಿಡಬೇಕಾ? ಮೊಟ್ಟೆ ನೀನು ತಂದುಕೊಡ್ತೀಯಾ?... ಥೂ. ಮೊಟ್ಟೆ ತಿನ್ನೋ ಆಸೆಗೆ ಕೋಳಿ ಸಾಕಿದೀನಿ ಅನ್ಕೊಂಡ್ಯಾ?...

ಅವಳು ಫೋನನ್ನು ಭುಜದಿಂದ ತೆಗೆದು ಕೈಯಲ್ಲಿ ಹಿಡಿದಳು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಕೇಳು ಮೋಹನ್‌ಬಾಬು. ಹೊಲ ನಿಮ್ಮಪ್ಪಂದು. ಸೊಪ್ಪು ಹೊಲದ್ದು. ಹುಳ ಮನೇದು. ಗೂಡು ಮಾರಿದ್ರೆ ಅದು ನಿಮ್ಮಣ್ಣನ ಹೆಸರಲ್ಲಿ. ನಾನು ಎಲ್ಲಾದಕ್ಕೂ ದುಡೀತೀನಿ, ಬೇಜಾರಿಲ್ಲ. ಆದ್ರೆ ಈ ಹನ್ನೊಂದು ಕೋಳಿ ನಂದು. ಯಾವುದನ್ನ ಕಾವಿಗೆ ಕೂರಿಸಬೇಕು, ಯಾವುದನ್ನ ಮಾರಬೇಕು, ಕೆಳಗೆ ಏನು ಹಾಸಬೇಕು, ಅದನ್ನ ನಾನು ಯಾರನ್ನೂ ಕೇಳಬೇಕಾಗಿಲ್ಲ. ಈ ಮನೇಲಿ ನಾನು ಯಾರನ್ನೂ ಕೇಳದೆ ಮಾಡೋದು ಇದೊಂದೇ. ಅದನ್ನೂ ಕಿತ್ಕೊಂಡ್ರೆ ನಂಗೆ ಏನಿದೆ ಹೇಳು?...

ಹಲೋ?... ಇದೀಯಾ?...

ಏನಂದೆ?... ನಿಮ್ಮಣ್ಣ ಹೂಂ ಅಂದ್ರಾ?... ಯಾವಾಗ?... ಹೋದ ಭಾನುವಾರ. ಫೋನಲ್ಲಾ?...

ಓಬಳಮ್ಮ ಬೇಲಿಯ ಕಂಬ ಹಿಡಿದು ನಿಂತಳು. ಅವಳ ಗಂಡ ನರಸಿಂಹಪ್ಪ ಒಳ್ಳೆಯವನು, ಯಾರು ಏನು ಕೇಳಿದರೂ ಹೂಂ ಅನ್ನುವವನು. ಕೇಳಿದವರ ಮುಖ ಸಣ್ಣದಾಗುವುದು ಅವನಿಗೆ ನೋಡಲಾಗುವುದಿಲ್ಲ. ಭಾನುವಾರ ತಮ್ಮನಿಗೆ ಹೂಂ ಅಂದವನು, ಸೋಮವಾರ ಹೆಂಡತಿ ಕೇಳಿದಳೆಂದು ಕೆರೆಯಿಂದ ಮರಳುಮಣ್ಣು ತಂದು ಇದೇ ಹಿತ್ತಲಿಗೆ ಸುರಿದಿದ್ದ. ಇಳಿಜಾರು ಸರಿಯಾಗಿದೆಯಾ ಎಂದು ಚೊಂಬಲ್ಲಿ ನೀರು ಹೊಯ್ದು ನೋಡಿದ್ದ. ಒಂದು ಮಾತು ಮಾತ್ರ ಹೇಳಿರಲಿಲ್ಲ. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಇದೀನಿ, ಇದೀನಿ. ಅಳ್ತಿಲ್ಲ, ಧೂಳು... ನಿಮ್ಮಣ್ಣನ್ನ ನೀನೇ ಕೇಳ್ಕೊ. ಅವರು ನಂಗೂ ಹೂಂ ಅಂದವ್ರೆ, ನಿಂಗೂ ಹೂಂ ಅಂದವ್ರೆ. ನಾಳೆ ಇನ್ಯಾರಾದ್ರೂ ಬಾವಿ ತೋಡ್ತೀನಿ ಅಂದ್ರೆ ಅದಕ್ಕೂ ಹೂಂ ಅಂತಾರೆ. ಅವರ ಹೂಂಗೆ ಲೆಕ್ಕ ಇಲ್ಲ. ನಾನು ಊಹೂಂ ಅಂತಿದೀನಿ. ಇದಕ್ಕೆ ಲೆಕ್ಕ ಇದೆ...

ಜೋರು ಮಾಡ್ಬೇಡ. ನಾನು ನಿನ್ನ ಎತ್ತಿ ಆಡಿಸಿದೋಳಲ್ಲ, ಆದ್ರೆ ಪದ್ಮಶ್ರೀ ಬಾಣಂತನಕ್ಕೆ ನಾಟಿಕೋಳಿ ಸಾರು ಇದೇ ಹಿತ್ತಲಿಂದ ಬಂತು, ನೆನಪಿಟ್ಕೊ...

ಯಾರಿಗೆ ಕೊಡ್ಲಿ? ಕೊಂಡಪ್ಪಣ್ಣಂಗಾ? ಕೊಡ್ತೀನಿ, ಧಾರಾಳವಾಗಿ ಮಾತಾಡು... ತಗೋ ಕೊಂಡಪ್ಪಣ್ಣ, ನಿಮ್ಮ ಸಾಹೇಬ್ರು.

ಫೋನು ಮೇಸ್ತ್ರಿಯ ಕೈಗೆ ಹೋಯಿತು. ಸಾರ್, ಆಯ್ತು ಸಾರ್, ಸರಿ ಸಾರ್ ಎಂದು ತಲೆಯಾಡಿಸುತ್ತಲೇ ಅವನು ಆಳುಗಳ ಕಡೆ ತಿರುಗಿ ಇಳಿಸಿ ಎಂದು ಸನ್ನೆ ಮಾಡಿದ. ಓಬಳಮ್ಮ ಕೋಳಿ ಜಾಗದ ಜಾಲರಿ ಬಾಗಿಲು ತೆಗೆದು ಒಳಗೆ ಹೋದಳು. ಮಚ್ಚನ್ನು ಬೇಲಿಯಾಚೆ ಹಾಕಿ, ಸೀರೆ ಸರಿಮಾಡಿಕೊಂಡು, ಕಡ್ಡಿ ಹಾಸಿದ ನೆಲದ ನಟ್ಟನಡುವೆ ಕಾಲು ಚಾಚಿ ಕೂತುಬಿಟ್ಟಳು. ಕೋಳಿಗಳು ಮೊದಲು ಬೆದರಿ ದೂರ ಓಡಿ, ಆಮೇಲೆ ಅವಳ ಸುತ್ತಲೇ ಕೆದಕತೊಡಗಿದವು. ಮೇಸ್ತ್ರಿ ಒಂದು ಗಳಿಗೆ ಅವಳನ್ನು ನೋಡಿದ, ಒಂದು ಗಳಿಗೆ ಫೋನನ್ನು ನೋಡಿದ. ಸಾರ್, ನಂಗೂ ಅಕ್ಕ ತಂಗೀರವ್ರೆ ಸಾರ್, ಎಂದಷ್ಟೇ ಹೇಳಿ ಜಾಲರಿಯ ಮೇಲಿಂದ ಫೋನನ್ನು ಅವಳ ಕೈಗೆ ವಾಪಸ್ ಕೊಟ್ಟ.

ಹಲೋ... ಹಾಂ, ನಾನೇ... ಕೂತಿದೀನಿ. ಹೂಂ, ಒಳಗೇ, ಕೋಳಿ ಮಧ್ಯೆ... ಹುಚ್ಚು ಅಂತಾದ್ರೂ ಅನ್ನು, ಏನಾದ್ರೂ ಅನ್ನು...

ಕೇಳಿಸ್ತಾ ಆ ಸದ್ದು? ಟ್ರ್ಯಾಕ್ಟರ್ ಹಿಂದಕ್ಕೆ ತಿರುಗಿಸ್ತಾವ್ರೆ... ನಾನೇನೂ ಹೇಳ್ಲಿಲ್ಲಪ್ಪ ಅವರಿಗೆ, ಆಣೆ. ಸುಮ್ಮನೆ ಕೂತೆ ಅಷ್ಟೆ...

ಬಾ. ಸಂಜೆಗೇ ಬಾ. ಅಣ್ಣ ತಮ್ಮ ಇಬ್ಬರೂ ಬನ್ನಿ. ಮುದ್ದೆ ಮಾಡಿ ಬಡಿಸ್ತೀನಿ, ಉಣ್ಣಿ, ಮಾತಾಡಣ. ಆದ್ರೆ ಈ ನೆಲದ ಮಾತು ಬಂದ್ರೆ ಈಗ ಹೇಳಿದ್ದನ್ನೇ ಆಗಲೂ ಹೇಳ್ತೀನಿ...

ಏನು?... ಅವರು ಹೊರಟರಲ್ಲ, ಇನ್ನಾದ್ರೂ ಎದ್ದೇಳು ಅಂತೀಯಾ?... ಇಲ್ಲ ಕಣಪ್ಪ. ಈ ಮನೆಗೆ ಬಂದು ಇಪ್ಪತ್ತಾರು ವರ್ಷ ಆಯ್ತು, ಹಗಲು ಹೊತ್ತಲ್ಲಿ ನಾನು ಸುಮ್ಮನೆ ಕೂತಿದ್ದು ಇವತ್ತೇ. ಮೆತ್ತಗಿದೆ ಮೋಹನ್‌ಬಾಬು ನೆಲ, ಬೆಚ್ಚಗೂ ಇದೆ. ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ... ಹಲೋ?... ಹಲೋ, ಮೋಹನ್‌ಬಾಬು?... ಫೋನ್ ಇಟ್ಬಿಟ್ಟ.