ಮೂಗಿನ ತುದಿಯ ಕೋಪ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನನ್ನನ್ನು ಪರೀಕ್ಷೆ ಮಾಡಿದ ಹಲ್ಲಿನ ಡಾಕ್ಟರೇ, ಮಕ್ಕಳನ್ನು ಹಿಂದಕ್ಕೆ ಕಳಿಸಿ ಮುಂದಿನ ಸಾಲು ಹಿಡಿದು ಕೂತಿರುವ ಅಪ್ಪಂದಿರೇ, ಎಲ್ಲ ಸಭಿಕರೇ,

ಮೊದಲು ಒಂದು ತಿದ್ದುಪಡಿ. ಆಹ್ವಾನ ಪತ್ರಿಕೆಯಲ್ಲಿ ನನ್ನ ಫೋಟೋದ ಕೆಳಗೆ ‘ವಿಮಾನದ ಅಜ್ಜಿ’ ಎಂದು ಅಚ್ಚು ಹಾಕಿಸಿದ್ದೀರಿ. ಈ ಸಭೆಯಲ್ಲಿ ನನ್ನನ್ನು ಅಜ್ಜಿ ಎನ್ನುವ ಹಕ್ಕು ಇರುವುದು ಒಬ್ಬಳಿಗೆ. ಅವಳು ಮೂರನೇ ಸಾಲಿನಲ್ಲಿ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ. ಉಳಿದವರಿಗೆ ನಾನು ಅಜ್ಜಿಯಲ್ಲ. ಫೋಟೋ ಕೂಡ ಚೆನ್ನಾಗಿಲ್ಲ. ಆದರೆ ಅದು ಫೋಟೋ ತೆಗೆದವನ ತಪ್ಪು. ಕಾರ್ಯದರ್ಶಿಗಳನ್ನು ನಾನು ದೂರುವುದಿಲ್ಲ.

ನಿಮ್ಮ ರಿಮೋಟ್ ವಿಮಾನ ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತಾಡಿ ಎಂದು ಕರೆದಿರಿ. ಬರುವುದಿಲ್ಲ ಎನ್ನಬೇಕೆಂದಿದ್ದೆ. ಆದರೆ ನನ್ನ ಹಾರಾಟದ ಪರೀಕ್ಷೆಯ ದಿನ ಮೈದಾನದಲ್ಲಿ ಏನಾಯಿತು ಎಂಬುದಕ್ಕೆ ಈಗಾಗಲೇ ಬೀದಿಗೊಂದು ಕಥೆ ಹುಟ್ಟಿದೆ. ನಾನು ವಿಮಾನವನ್ನು ಬೈದು ಇಳಿಸಿದೆ ಎನ್ನುತ್ತಾರೆ ಕೆಲವರು. ಡಾಕ್ಟರನ್ನು ಗದರಿಸಿದೆ ಎನ್ನುತ್ತಾರೆ ಇನ್ನು ಕೆಲವರು. ನಡೆದದ್ದನ್ನು ನಡೆದ ಹಾಗೆ ಹೇಳಲು ಬಂದಿದ್ದೇನೆ.

ನಾನು ಓದಿದ್ದು ಹೈಸ್ಕೂಲಿನ ತನಕ. ವಿಮಾನ ಯಾಕೆ ಬೀಳುವುದಿಲ್ಲ ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದೆ. “ಅದು ಮುಂದಿನ ತರಗತೀಲಿ ಬರುತ್ತೆ, ಕೂತ್ಕೋ” ಎಂದರು. ಮುಂದಿನ ತರಗತಿ ಬರಲಿಲ್ಲ, ಮದುವೆ ಬಂತು. ನನಗೆ ಅದರ ಬಗ್ಗೆ ಬೇಸರವೇನೂ ಇಲ್ಲ. ಮನೆ ನಡೆಸಿದೆ, ಮಗನನ್ನು ಬೆಳೆಸಿದೆ, ಯಜಮಾನರು ಹೋದ ಮೇಲೂ ಯಾರ ಮುಂದೂ ಕೈ ಚಾಚಲಿಲ್ಲ. ಬೇಸರವೇನೂ ಇಲ್ಲ ಎಂದು ಹೇಳಿದೆನಲ್ಲ, ಮುಂದಕ್ಕೆ ಹೋಗೋಣ.

ನನ್ನ ಸೊಸೆಗೆ ಅಂಗಡಿಗಳ ಹೆಸರಿನ ಬೋರ್ಡು ತಯಾರಿಸುವ ಕೆಲಸ. ಉಳಿದ ಫೋಮ್ ಬೋರ್ಡುಗಳನ್ನು ಮನೆಗೆ ತರುತ್ತಿದ್ದಳು. ನೋಡದವರಿಗೆ ಹೇಳುತ್ತೇನೆ: ಎರಡು ಕಾಗದದ ನಡುವೆ ಬೆಂಡಿನಂಥ ಹಗುರ ಹಾಳೆ, ಅಷ್ಟೆ. ಒಂದನ್ನು ನಾನು ತಾರಸಿಯ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿದ್ದೆ. ಒಂದು ಮಧ್ಯಾಹ್ನ ಗಾಳಿ ಬೀಸಿತು. ಆ ಹಾಳೆ ಡ್ರಮ್ಮಿನಿಂದ ಎದ್ದು ನನ್ನ ಮುಖದ ಮುಂದೆ ಒಂದು ಕ್ಷಣ ನಿಂತಿತು. ನಿಂತಿತು ಎಂದರೆ ನಿಂತೇ ಇತ್ತು, ಏನೋ ಯೋಚನೆ ಮಾಡುತ್ತಿರುವವರ ಹಾಗೆ. ಆಮೇಲೆ ಪಕ್ಕದ ಮನೆಯ ತಾರಸಿ ದಾಟಿ ಹೋಯಿತು.

ಸಂಜೆ ಮಗನನ್ನು ಕೇಳಿದೆ. ಅವನು ಲಿಫ್ಟ್ ರಿಪೇರಿ ಮಾಡುವವನು. ಜನರನ್ನು ಮೇಲಕ್ಕೆ ಕಳಿಸುವುದೇ ಅವನ ವೃತ್ತಿ. ಅವನಿಗೆ ಗೊತ್ತಿರಬೇಕಲ್ಲವೇ?

“ಗಾಳಿ ಇತ್ತು, ಹಾರ್ತು ಅಮ್ಮ.”

“ಗಾಳಿ ನನಗೂ ಬೀಸ್ತು. ನಾನ್ಯಾಕೆ ಹಾರಲಿಲ್ಲ?”

“ನೀನು ಹಾರೋದೊಂದು ಬಾಕಿ” ಎಂದು ಅವನು ಟಿವಿ ಕಡೆ ತಿರುಗಿದ.

ಸೊಸೆ ಅಲ್ಲೇ ಕೂತು ಕೇಳುತ್ತಿದ್ದಳು. ಅವಳು ನಮ್ಮ ಮನೆಗೆ ಬಂದಾಗಿನಿಂದ ಹೆಚ್ಚು ಮಾತಿಲ್ಲ. ‘ಹೂಂ ಅತ್ತೆ’, ‘ಆಯ್ತು ಅತ್ತೆ’, ಅಷ್ಟೇ. ಒಳ್ಳೆಯ ಹುಡುಗಿ ಎಂದುಕೊಂಡಿದ್ದೆ. ಮರುದಿನ ಅವಳು ಇನ್ನೊಂದು ಬೋರ್ಡು ತಂದು ಊಟದ ಮೇಜಿನ ಮೇಲಿಟ್ಟು ಅಲಗು ಕೈಗೆ ಕೊಟ್ಟಳು. “ವಿಮಾನ ಮಾಡೇ ನೋಡೋಣ ಅತ್ತೆ. ಮೇಲಿನ ಕಾಗದ, ಫೋಮ್ ಎರಡೂ ಕತ್ತರಿಸಿ. ಕೆಳಗಿನ ಕಾಗದ ಮುಟ್ಟಬೇಡಿ. ಅದೇ ಕೀಲು.”

ಸಭಿಕರೇ, ಕೇಳುವುದಕ್ಕೆ ಸುಲಭ. ಕೆಳಗಿನ ಕಾಗದ ಎಲ್ಲಿ ಶುರುವಾಗುತ್ತದೆ ಎಂದು ಅಲಗಿಗೆ ಗೊತ್ತಾಗಬೇಡವೇ? ಕೈ ತುಸು ಒತ್ತಿದರೆ ರೆಕ್ಕೆ ಎರಡು ತುಂಡು. ಹಗುರವಾದರೆ ಮಡಚುವಾಗ ಅಂಕುಡೊಂಕು. ನಾನು ಕೆಡಿಸಿದ ಹಾಳೆಗಳಿಂದ ನಮ್ಮ ಅಡುಗೆಮನೆಯ ಕಪಾಟುಗಳಿಗೆಲ್ಲ ಹಾಸು ಆಯಿತು. ಒಂದು ದಿನ ಮಾತ್ರ ಅಲಗು ಕಾಗದದ ಮೇಲೆ ಬಂದು ನಿಂತದ್ದು ಬೆರಳಿಗೆ ತಿಳಿಯಿತು. ಮಡಚಿದೆ. ಬಾಲದ ರೆಕ್ಕೆ ಬಾಗಿಲಿನ ಹಾಗೆ ತೆರೆದು ಮುಚ್ಚಿಕೊಂಡಿತು. ನಾನು ಅದನ್ನು ಎಷ್ಟು ಸಲ ತೆರೆದು ಮುಚ್ಚಿದೆನೋ, ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಉಕ್ಕಲಿ ಎಂದು ಬಿಟ್ಟೆ. ಆ ಮನೆಯಲ್ಲಿ ನನ್ನ ಕಣ್ಣೆದುರು ಹಾಲು ಉಕ್ಕಿದ್ದು ಅದೇ ಮೊದಲು.

ಹೀಗೆ ವಿಮಾನ ಎದ್ದು ನಿಂತಿತು. ಮಡಚಿದ ಹಾಳೆಯದೇ ಒಡಲು, ಬೆನ್ನು ಉಬ್ಬಿದ ರೆಕ್ಕೆ, ಅದನ್ನು ಒಡಲಿಗೆ ಬಿಗಿಯುವ ಬಿದಿರು ಕಡ್ಡಿ ಮತ್ತು ರಬ್ಬರ್ ಬ್ಯಾಂಡು, ತಂತಿಯ ಕಾಲಿಗೆ ಎರಡು ಚಕ್ರ. ಮೋಟರು, ಬ್ಯಾಟರಿ, ರಿಮೋಟು ಮಾತ್ರ ಅಂಗಡಿಯವು. ಸೊಸೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದಳು. ಬಾಲ ಕೆಳಗೆ ಹೋಯಿತು.

“ಬಾಲ ಭಾರ ಅತ್ತೆ. ಹೀಗೇ ಬಿಟ್ರೆ ಮುಖ ಎತ್ಕೊಂಡು ಮೇಲೇರಿ ಧೊಪ್ ಅಂತ ಬೀಳುತ್ತೆ. ಮೂಗಿನ ತುದಿಗೆ ಏನಾದ್ರೂ ಬೇಕು.”

ಒಳಗಿನಿಂದ ಮಗನ ದನಿ ಬಂತು. “ಮೂಗಿನ ತುದೀಲಿ ಏನಿರಬೇಕು ಅಂತ ಅಮ್ಮನ್ನೇ ಕೇಳು!”

ಸೊಸೆ ನಕ್ಕುಬಿಟ್ಟಳು. ಅವಳು ಅಷ್ಟು ಜೋರಾಗಿ ನಗುತ್ತಾಳೆ ಎಂದು ನನಗೆ ತಿಳಿದಿರಲಿಲ್ಲ. ಮೊಮ್ಮಗಳ ಆಟದ ಕೆಂಪು ಕ್ಲೇ ಇತ್ತು. ಅದರದೊಂದು ಉಂಡೆ ಮಾಡಿ ಮೂಗಿನೊಳಗೆ ಒತ್ತಿದೆವು. ವಿಮಾನ ಬೆರಳ ಮೇಲೆ ಸಮನಾಗಿ ನಿಂತಿತು. ಅವತ್ತಿನಿಂದ ಆ ಉಂಡೆಯ ಹೆಸರು ‘ಕೋಪ’. ‘ಕೋಪ ಹಾಕಿದ್ರಾ ಅತ್ತೆ?’ ‘ಕೋಪ ಸ್ವಲ್ಪ ಜಾಸ್ತಿ ಆಯ್ತು, ಚಿವುಟಿ ತೆಗಿ.’ ನಮ್ಮ ಮನೆಯೊಳಗೆ ಇದು ದಿನನಿತ್ಯದ ಮಾತು. ಹೆಸರಿಗೂ ನನಗೂ ಏನೂ ಸಂಬಂಧವಿಲ್ಲ. ನನಗೆ ಕೋಪ ಬರುವುದಿಲ್ಲ ಎಂದು ನಾನು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದೇನೆ, ಮನೆಯಲ್ಲಿ ಯಾರೂ ಎದುರು ಹೇಳಿಲ್ಲ.

ಇನ್ನು ಹಾರಿಸುವುದು. ವಿಮಾನ ನಮ್ಮಿಂದ ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ತಿರುಗಿ ನಮ್ಮ ಕಡೆ ಬರುವಾಗ ಎಲ್ಲ ಅದಲುಬದಲು. ಇಷ್ಟು ವರ್ಷ ಎಲ್ಲರಿಗೂ ಇದು ಎಡ, ಇದು ಬಲ ಎಂದು ಹೇಳಿಕೊಟ್ಟವಳಿಗೆ ಒಂದು ಕಾಗದದ ಹಾಳೆ ‘ಅದು ನಿನ್ನ ಎಡ, ನನ್ನದಲ್ಲ’ ಎಂದರೆ ಹೇಗಾಗಬೇಡ? ಕ್ಲಬ್ಬಿಗೆ ಸೇರಲು ಕೊಟ್ಟ ಮೊದಲನೇ ಪರೀಕ್ಷೆಯಲ್ಲಿ ಇದೇ ಗೊಂದಲ. ಆಕಾಶ ನೋಡುತ್ತ ಹಿಂದಕ್ಕೆ ಹೆಜ್ಜೆಯಿಟ್ಟು ಚರಂಡಿಗೆ ಬಿದ್ದೆ. ಕಾಲು ಉಳುಕಿತು. ಮಗ ಹೆದರಿದ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನಿಂದ ಮಾತು ತೆಗೆದುಕೊಂಡ: ಇನ್ನೊಂದೇ ಸಲ, ಪಾಸಾಗದಿದ್ದರೆ ರಿಮೋಟು ಅಟ್ಟಕ್ಕೆ. ನೋವಿನಲ್ಲಿ ಆಯ್ತು ಎಂದೆ. ನೋವಿನಲ್ಲಿ ಕೊಟ್ಟರೂ ಮಾತು ಮಾತೇ. ನಾನು ಕೊಟ್ಟ ಮಾತು ತಪ್ಪಿದವಳಲ್ಲ.

ಹಾಗಾಗಿ ಎರಡನೇ ಪರೀಕ್ಷೆಯೇ ನನಗೆ ಕೊನೆಯದು. ನೆಲದಿಂದ ಏಳಿಸಬೇಕು, ಮೈದಾನಕ್ಕೆ ಒಂದು ಪೂರ್ತಿ ಸುತ್ತು ಹಾಕಬೇಕು, ಹಗ್ಗ ಕಟ್ಟಿದ ಗೆರೆಯೊಳಗೆ ಇಳಿಸಬೇಕು. ಇದಾದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮಲ್ಲಿ ಹಲವರು ಅಲ್ಲಿ ನಿಂತಿದ್ದಿರಿ. ನಿಮ್ಮೆಲ್ಲರ ಮುಂದೆ ನನ್ನ ಮಗ ಪರೀಕ್ಷಕರಾಗಿದ್ದ ಡಾಕ್ಟರ ಹತ್ತಿರ ಹೋಗಿ ಏನೆಂದ ಗೊತ್ತೇ? “ಇದೊಂದು ಸಲ ಸಹಿಸಿಕೊಳ್ಳಿ ಸಾರ್. ಇವತ್ತು ಆಗದಿದ್ರೆ ಇನ್ನು ಅಮ್ಮ ನಿಮಗೆ ತೊಂದರೆ ಕೊಡಲ್ಲ.”

ತೊಂದರೆ! ಯಾರ ಪರವಾಗಿ ಯಾರು ಕ್ಷಮೆ ಕೇಳುವುದು?

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಅಷ್ಟೆ. ಸೊಸೆ ನನ್ನ ಮುಖ ನೋಡಿದಳು. ಅವಳು ಹಗ್ಗದ ಆ ತುದಿಗೆ ಹೋಗಿ ನಿಂತು ಅಡ್ಡ ಬರುವವರನ್ನು ತಡೆಯಬೇಕಿತ್ತು. ಹೋಗುವ ಮೊದಲು ಹತ್ತಿರ ಬಂದು ಮೆಲ್ಲಗೆ, “ಕೋಪ ತೆಗೆದಿಟ್ಟು ಹಾರಿಸಿ ಅತ್ತೆ” ಎಂದಳು.

ಈಗ ನೀವೇ ಹೇಳಿ. ನನ್ನ ಮನೆಯಲ್ಲಿ ನನಗೆ ಕೋಪ ಬಿಡು ಎಂದು ಹೇಳುವವರು ಅಲ್ಲಿಯ ತನಕ ಯಾರೂ ಇರಲಿಲ್ಲ. ಯಜಮಾನರೂ ಹೇಳಿರಲಿಲ್ಲ. ಅಂಥದರಲ್ಲಿ ‘ಹೂಂ ಅತ್ತೆ’ ಎನ್ನುವ ಹುಡುಗಿ ಹೇಳುತ್ತಾಳೆ ಎಂದು ನನಗೆ ಹೊಳೆಯುವುದಾದರೂ ಹೇಗೆ? ಗಾಳಿಯ ದಿಕ್ಕು ನೋಡಿ ಏನೋ ಲೆಕ್ಕ ಹಾಕಿದ್ದಾಳೆ ಎಂದುಕೊಂಡೆ. ಮೂಗಿನ ಮುಚ್ಚಳ ತೆರೆದೆ. ಕೆಂಪು ಉಂಡೆ ಕಿತ್ತು ಪರ್ಸಿನೊಳಗೆ ಹಾಕಿದೆ. ಮುಚ್ಚಳ ಹಾಕಿದೆ. ಹೊರಡಿಸಿದೆ.

ಅದು ಎಂದಿಗಿಂತ ಬೇಗ ನೆಲ ಬಿಟ್ಟಿತು. ಭೇಷ್ ಎಂದುಕೊಳ್ಳುವಷ್ಟರಲ್ಲಿ ಕುದುರೆ ಹಿಂಗಾಲ ಮೇಲೆ ನಿಂತ ಹಾಗೆ ಮುಖ ಆಕಾಶಕ್ಕೆ ಮಾಡಿತು. ರಿಮೋಟಿನ ಕಡ್ಡಿ ಮುಂದಕ್ಕೊತ್ತಿದರೆ ಪಾತಾಳಕ್ಕೆ, ಹಿಂದಕ್ಕೆಳೆದರೆ ಮತ್ತೆ ಆಕಾಶಕ್ಕೆ. ಮೈದಾನದ ಆ ತುದಿಯಿಂದ ಸೊಸೆ ಕೂಗಿದಳು.

“ಅತ್ತೇ! ಕೋಪ ಎಲ್ಲಿ?”

“ಪರ್ಸಿನಲ್ಲಿದೆ!”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮೋಟರು ನಿಲ್ಲಿಸಿದೆ. ವಿಮಾನ ಹಗ್ಗದಾಚೆಯ ಹುಲ್ಲಿನಲ್ಲಿ ಹೊಟ್ಟೆ ಅಡಿಯಾಗಿ ಬಿತ್ತು. ಸುತ್ತು ಆಗಿರಲಿಲ್ಲ. ಮುಂದಿನ ಫ್ಯಾನು ಮುರಿದಿತ್ತು.

“ಆಯ್ತಲ್ಲ ಅಮ್ಮ. ನಡಿ” ಎಂದ ಮಗ. ದನಿ ಮೆತ್ತಗಿತ್ತು, ಅದು ಇನ್ನೂ ಚುಚ್ಚಿತು. ನಾನು ಕೊರಳಿಂದ ರಿಮೋಟಿನ ಪಟ್ಟಿ ತೆಗೆದೆ. ಮಾತು ಕೊಟ್ಟಾಗಿತ್ತಲ್ಲ.

ಅಷ್ಟರಲ್ಲಿ ಸೊಸೆ ಏದುಸಿರು ಬಿಡುತ್ತ ಓಡಿ ಬಂದು ಡಾಕ್ಟರ ಮುಂದೆ ನಿಂತಳು. “ಸಾರ್, ಹಾರಿಸುವವರಿಗೂ ಸಹಾಯಕರಿಗೂ ಮಾತು ಅಪಾರ್ಥ ಆಗಿ ವಿಮಾನ ಬಿದ್ರೆ ಇನ್ನೊಂದು ಅವಕಾಶ ಇದೆ ಅಲ್ವಾ?”

“ಇದೆ. ಏನು ಅಪಾರ್ಥ ಆಯ್ತು?”

“ನಾನು ಕೋಪ ತೆಗೆದಿಡಿ ಅಂದೆ.”

“ಒಳ್ಳೇ ಮಾತೇ ಅಲ್ವಾ?”

“ಅವರು ತೆಗೆದಿಟ್ರು ಸಾರ್. ಪರ್ಸಿನಲ್ಲಿದೆ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಕ್ಲೇ ಉಂಡೆಯ ಕಥೆಯನ್ನೆಲ್ಲ ಹೇಳಿದಳು. ನಾನು ಪರ್ಸಿನಿಂದ ತೆಗೆದು ತೋರಿಸಿದೆ. “ಹಾಗಾದ್ರೆ ನೀವು ಈ ಉಂಡೆ ಬಗ್ಗೆ ಹೇಳಲಿಲ್ಲ?” ಎಂದರು.

“ಇಲ್ಲ ಸಾರ್.” ಅವಳ ಕಿವಿ ಕೆಂಪಾಗಿತ್ತು. “ಅತ್ತೆ ಕೋಪದ ಬಗ್ಗೆ ಹೇಳಿದ್ದು.”

ನನ್ನ ಮಗ ಯಾವುದೋ ಮೋಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಡಾಕ್ಟರು ನನ್ನ ಕಡೆ ತಿರುಗಿದರು. ನಿಯಮಕ್ಕೆ ಗಟ್ಟಿ ಮನುಷ್ಯ, ಅದಕ್ಕೆ ನನಗೆ ಅವರ ಮೇಲೆ ಗೌರವ. “ಕೇಳಲೇಬೇಕು ಅಮ್ಮ. ನಿಮಗೆ ಆಗ ಕೋಪ ಬಂದಿತ್ತಾ? ಬಂದಿರಲಿಲ್ಲ ಅಂದ್ರೆ ಇವರ ಮಾತಿಗೆ ಎರಡು ಅರ್ಥ ಆಗಲ್ಲ. ಅಪಾರ್ಥ ಇಲ್ಲದ ಮೇಲೆ ಅವಕಾಶವೂ ಇಲ್ಲ.”

ಸಭಿಕರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕೋಪವೇ ಬಾರದವಳೆಂದು ತಲೆಯೆತ್ತಿ ಮನೆಗೆ ಹೋಗಬಹುದಿತ್ತು. ರಿಮೋಟು ಅಟ್ಟ ಸೇರುತ್ತಿತ್ತು. ಸೊಸೆ ನನ್ನನ್ನೇ ನೋಡುತ್ತಿದ್ದಳು. ಊರೆದುರು ಅಂಥ ಮಾತಾಡಿ, ಸಂಜೆ ನನ್ನ ಜೊತೆ ಅದೇ ಮನೆಗೆ ಮರಳಬೇಕಾದವಳು ಅವಳು. ಆ ಧೈರ್ಯ ಅವಳಿಗೆ ಎಲ್ಲಿಂದ ಬಂತು ಎಂದು ನನಗೆ ಆ ಗಳಿಗೆಯಲ್ಲೂ ಕುತೂಹಲ.

“ಬಂದಿತ್ತು” ಎಂದೆ.

“ಸ್ವಲ್ಪ ಅಂತ ಬರೆದುಕೊಳ್ಳಲಾ?”

“ಸ್ವಲ್ಪ ಯಾಕೆ? ಬೇಕಾದಷ್ಟು ಬಂದಿತ್ತು. ಕಾರಣ ಅಲ್ಲಿ ಮೋಡ ನೋಡ್ತಾ ನಿಂತಿದೆ.”

ಕಾರಣ ತಲೆ ತಗ್ಗಿಸಿತು.

ಹೊಸ ಫ್ಯಾನು ಸಿಕ್ಕಿಸಿದೆವು. ಉಂಡೆಯನ್ನು ಸೊಸೆಯೇ ಮೂಗಿನೊಳಗೆ ಒತ್ತಿದಳು. ವಿಮಾನ ಎದ್ದಿತು. ದೂರ ಹೋಯಿತು, ತಿರುಗಿತು, ನನ್ನ ಕಡೆ ಬಂತು. ಯಾವ ರೆಕ್ಕೆ ಬಾಗುತ್ತದೋ ಆ ಕಡೆಗೇ ಕಡ್ಡಿ ಒತ್ತಬೇಕು ಎಂದು ಅವಳು ಹೇಳಿಕೊಟ್ಟಿದ್ದಳು, ಒತ್ತಿದೆ. ಸುತ್ತು ಮುಗಿಯಿತು. ಇನ್ನು ಇಳಿಸಬೇಕು. ಡಾಕ್ಟರೂ ಇಳಿಸಿ ಎಂದರು.

ನಾನು ಇಳಿಸಲಿಲ್ಲ. ಇನ್ನೂ ಮೇಲಕ್ಕೆ ಒಯ್ದು ಮೋಟರು ನಿಲ್ಲಿಸಿಬಿಟ್ಟೆ.

ಮಗ ಅಮ್ಮಾ ಎಂದು ಕಿರುಚಿದ. ಆಮೇಲೆ ಎಲ್ಲ ಮೌನ. ಎಳೆಯುವವರಿಲ್ಲ, ತಳ್ಳುವವರಿಲ್ಲ, ಆದರೂ ಅದು ಬೀಳಲಿಲ್ಲ. ಮೂಗು ತುಸು ಬಾಗಿಸಿ ಗಾಳಿಯ ಮೇಲೆ ಜಾರುತ್ತ ಬಂತು. ನಮ್ಮ ತಲೆಯ ಮೇಲೆ ಹಾಯುವಾಗ ಕಾಗದದ ಅಂಚು ಸಣ್ಣಗೆ ಸುಯ್ ಎಂದದ್ದು ಕೇಳಿಸಿತು. ನಾನು ಮಡಚಿದ ಹಾಳೆ ಅದು. ಅದು ಯಾಕೆ ನಿಲ್ಲುತ್ತದೆ ಎಂದು ಆಮೇಲೆ ಡಾಕ್ಟರು ಬಾಣಗಳನ್ನೆಲ್ಲ ಬರೆದು ವಿವರಿಸಿದ್ದಾರೆ. ಅರ್ಧ ತಿಳಿದಿದೆ, ಅರ್ಧ ಇನ್ನೂ ಕೇಳಬೇಕು. ಆ ಹೊತ್ತಿಗೆ ನನಗೆ ಕೇಳುವುದೂ ಬೇಕಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ.

ಹಗ್ಗದ ಒಳಗೇ ಇಳಿಯಿತು. ಅಂಚಿಗೆ ತೀರಾ ಹತ್ತಿರ ಎಂದು ಕೆಲವರು ಈಗಲೂ ಗೊಣಗುತ್ತಾರೆ. ಅಂಥವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು.

ಮಗ ಹತ್ತಿರ ಬಂದ. “ಮೋಟರ್ ಯಾಕೆ ನಿಲ್ಲಿಸ್ದೆ ಅಮ್ಮ?”

“ಏನಾಗುತ್ತೆ ನೋಡೋಣ ಅಂತ.”

“ಕೇಬಲ್ ಇಲ್ಲದೆ ಇಷ್ಟು ನಿಧಾನ ಇಳಿಯೋದು ನಾನು ನೋಡೇ ಇರಲಿಲ್ಲ” ಎಂದ. ರಿಮೋಟನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಅಟ್ಟಕ್ಕಲ್ಲ, ಕಾರಿನ ಮುಂದಿನ ಸೀಟಿನ ಮೇಲಿಟ್ಟ. ನಾನೂ ಸೊಸೆಯೂ ಹಿಂದೆ ಕೂತೆವು.

ಈಗ ಮನೆಯಲ್ಲಿ ಎರಡನೇ ವಿಮಾನದ ಕೆಲಸ ನಡೆಯುತ್ತಿದೆ. ಸೊಸೆಗೆ ಬಾಯಿ ಬಂದಿದೆ. ‘ಈ ರೆಕ್ಕೆ ದಪ್ಪ ಆಯ್ತು ಅತ್ತೆ’, ‘ನೀವು ಹೇಳಿದ್ದು ಸರಿಯಲ್ಲ ಅತ್ತೆ’ ಎನ್ನುತ್ತಾಳೆ. ಮೊದಲ ಸಲ ಕೇಳಿದಾಗ ಅಲಗು ಕೆಳಗಿಟ್ಟು ಅವಳ ಮುಖ ನೋಡಿದೆ. ಅವಳೂ ನೋಡಿದಳು. ರೆಕ್ಕೆ ದಪ್ಪವೇ ಆಗಿತ್ತು. ಇನ್ನೂ ಏನೇನು ಅವಳ ಮನಸ್ಸಿನಲ್ಲಿದೆಯೋ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಕೇಳದೇ ಹೋದದ್ದು ಏನೇನಿದೆಯೋ ಎಂದು ಒಮ್ಮೊಮ್ಮೆ...

ಏನಮ್ಮ? ಮೂರನೇ ಸಾಲಿನಲ್ಲಿ ಸೊಸೆ ಕೈಸನ್ನೆ ಮಾಡುತ್ತಿದ್ದಾಳೆ, ನೋಡಿ. ಕಿಟಕಿ ತೋರಿಸುತ್ತಿದ್ದಾಳೆ. ಗಾಳಿ ನಿಂತಿದೆಯಂತೆ, ಹಾರಿಸಲು ಒಳ್ಳೇ ಹೊತ್ತಂತೆ, ಮಾತು ಸಾಕಂತೆ. ನಾನು ಬರೆದುಕೊಂಡು ಬಂದದ್ದು ಇನ್ನೂ ಎರಡು ಪುಟ ಇದೆ. ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿದವರು ಈ ತನಕ ಒಬ್ಬರೂ ಇಲ್ಲ.

ಆಯ್ತಮ್ಮ, ಬಂದೆ.

ಕರೆಸಿದವರಿಗೆ, ಕೇಳಿಸಿಕೊಂಡವರಿಗೆ, ನಿಯಮ ಬಿಡದ ಡಾಕ್ಟರಿಗೆ ನನ್ನ ಕೃತಜ್ಞತೆ. ಹಾರ ಯಾರ ಕೈಯಲ್ಲಿದೆಯೋ ಅವರು ಬೇಗ ಹಾಕಿ ಮುಗಿಸಬೇಕು. ಬೆಳಕು ಹೋಗುವ ಮೊದಲು ನಾವು ಮೈದಾನ ತಲುಪಬೇಕು. ನಮಸ್ಕಾರ.